ನಾನೇ ಟಿಪ್ಪು, ನಾನೇ ಕ್ಯಾಂಬೆಲ್



ಆಟಿಯ ಮಳೆ ಹಿಡಿದು ಹತ್ತು ದಿನಗಳಾದವು. ಶಂಕರಪುರದ ಮಲ್ಲಿಗೆ ಗಿಡಗಳು ನೆನೆದು ನಿಂತಿವೆ. ಹೂವು ಕಡಿಮೆ, ಕಟ್ಟುವ ಕೈಗಳಿಗೆ ಕೆಲಸವೂ ಕಡಿಮೆ. ನಮ್ಮ ಮನೆಯ ಊಟದ ಮೇಜಿಗೆ ಮಾತ್ರ ಬಿಡುವಿಲ್ಲ. ಅದರ ಮೇಲೆ ಎರಡು ವಾರಗಳಿಂದ ಮಂಗಳೂರಿಗೆ ಮುತ್ತಿಗೆ ಬಿದ್ದಿದೆ. ಕ್ಯಾಲೆಂಡರುಗಳ ಹಿಂಬದಿಗೆ ನಾನೇ ಬರೆದ ಕರಾವಳಿಯ ನಕ್ಷೆ, ನದಿಗಳಿಗೆ ನೀಲಿ ಶಾಯಿ, ಘಟ್ಟದ ದಾರಿಗಳಿಗೆ ಅಂಟಿಸಿದ ಬಾಳೆನಾರು. ಕೋಟೆಯೊಳಗಿನ ಇಂಗ್ಲಿಷ್ ಸೈನ್ಯಕ್ಕೆ ಕೆಂಪು ಮಂಜೊಟ್ಟಿ ಬೀಜಗಳು, ಹೊರಗಿನ ಟಿಪ್ಪುವಿನ ಸೈನ್ಯಕ್ಕೆ ಹುಣಸೆ ಬೀಜಗಳು. ಊಟಕ್ಕೆ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿಕೊಳ್ಳುತ್ತೇವೆ. "ನಿಮ್ಮ ಯುದ್ಧ ಮುಗಿಯುವುದು ಯಾವಾಗ? ಸೋಣ ಸಂಕ್ರಮಣಕ್ಕಾದರೂ ಮೇಜು ಸಿಗ್ತದಾ?" ಎಂದು ಮನೆಯವಳು ನಿನ್ನೆಯೂ ಕೇಳಿದಳು.

ನಿವೃತ್ತನಾದ ಅಧ್ಯಾಪಕನೊಬ್ಬ ಮೇಜಿನ ಮುಂದೆ ಒಬ್ಬನೇ ಕುಳಿತು, ದಾಳ ಉರುಳಿಸಿ, ಬೀಜಗಳನ್ನು ಸರಿಸಿ, ನೋಟುಪುಸ್ತಕದಲ್ಲಿ ಏನನ್ನೋ ಬರೆದುಕೊಳ್ಳುವುದನ್ನು ಕಂಡವರು ಅರುವತ್ತಕ್ಕೆ ಅರಳುಮರಳು ಎಂದುಕೊಳ್ಳುವುದು ಸಹಜ. ಆದರೂ ಇದು ಮಕ್ಕಳಾಟವಲ್ಲವೆಂದು ಹೇಳಲೆಂದೇ ಈ ಬರಹ. ಚರಿತ್ರೆಯ ಬಗ್ಗೆ ಗಟ್ಟಿಯಾಗಿ ಮಾತನಾಡಲು ಬಯಸುವ ಪ್ರತಿಯೊಬ್ಬನೂ ಒಮ್ಮೆಯಾದರೂ ಒಂದು ಹಳೆಯ ಯುದ್ಧವನ್ನು ಎರಡೂ ಕಡೆಯಿಂದ, ತಾನೊಬ್ಬನೇ ಕುಳಿತು, ಪ್ರಾಮಾಣಿಕವಾಗಿ ಆಡಿನೋಡಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಆಡಿದ ಮೇಲೆ ಅವನ ದನಿ ಒಂದು ಸ್ಥಾಯಿ ತಗ್ಗುತ್ತದೆ. ನನ್ನದು ತಗ್ಗಿದೆ.

ಇದಕ್ಕೆಲ್ಲ ಮೂಲ ಒಬ್ಬ ವಿದ್ಯಾರ್ಥಿಯ ಪ್ರಶ್ನೆ. 1990ರ ದಶಕದ ಮಾತು. ಹತ್ತನೆಯ ತರಗತಿಗೆ ಆಂಗ್ಲೋ-ಮೈಸೂರು ಯುದ್ಧಗಳ ಪಾಠ ನಡೆಯುತ್ತಿತ್ತು. ಎರಡನೆಯ ಯುದ್ಧ, 1780ರಿಂದ 1784. ಕಾರಣಗಳು ನಾಲ್ಕು, ಪರಿಣಾಮಗಳು ಮೂರು, ಮಂಗಳೂರು ಒಪ್ಪಂದ 1784 ಮಾರ್ಚ್ 11. ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಮನೆಯವರು ಮೀನುಗಾರರು. "ಸಾರ್, ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದು ಮೇ ತಿಂಗಳಲ್ಲಿ ಅಂದ್ರಿ. ಇನ್ನು ಹದಿನೈದು ದಿನಕ್ಕೆ ಮಳೆ ಹಿಡಿಯುವಾಗ ಯಾರಾದರೂ ಮುತ್ತಿಗೆ ಹಾಕ್ತಾರಾ? ಅವನಿಗೆ ಗೊತ್ತಿರ್ಲಿಲ್ವಾ?" ತರಗತಿ ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ" ಎಂದುಬಿಟ್ಟೆ. ಮೂವತ್ತೆರಡು ವರ್ಷಗಳ ಅಧ್ಯಾಪನದಲ್ಲಿ ನಾನು ಕೊಟ್ಟ ಪೆಟ್ಟುಗಳಲ್ಲಿ ಬೆತ್ತದ ಪೆಟ್ಟುಗಳನ್ನು ಮಕ್ಕಳು ಕ್ಷಮಿಸಿದ್ದಾರೆ. ಆ ಒಂದು ಮಾತನ್ನು ನಾನೇ ಕ್ಷಮಿಸಿಕೊಂಡಿಲ್ಲ.

ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಯುದ್ಧಗಳನ್ನು ನಕ್ಷೆಯ ಮೇಲೆ ಆಡುವ ಆಟಗಳನ್ನು ಮೊದಲ ಬಾರಿಗೆ ಕಂಡೆ. ಅವನ ಸ್ನೇಹಿತರೊಬ್ಬರು ದೊಡ್ಡ ಪೆಟ್ಟಿಗೆಯೊಂದನ್ನು ತಂದಿದ್ದರು. "ಎದುರಾಳಿ ಸಿಗದಿದ್ದರೆ ಒಬ್ಬರೇ ಆಡಬಹುದು ಅಂಕಲ್" ಎಂದರು. ಆ ಮಾತು ನನ್ನೊಡನೆ ಊರಿಗೆ ಬಂತು.

ಈ ವಿದ್ಯೆಯ ಚರಿತ್ರೆಯೂ ಸ್ವಾರಸ್ಯಕರವಾಗಿದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬವನು ನಕ್ಷೆ, ತುಕಡಿಗಳನ್ನು ಸೂಚಿಸುವ ಸಣ್ಣ ಕಾಯಿಗಳು ಮತ್ತು ದಾಳಗಳನ್ನಿಟ್ಟುಕೊಂಡು ಯುದ್ಧದಾಟವೊಂದನ್ನು ಸಿದ್ಧಪಡಿಸಿದ. ಅವನ ತಂದೆ ಆರಂಭಿಸಿದ್ದ ಕೆಲಸವದು. ಆಟಗಾರರು ತಮ್ಮ ಆಜ್ಞೆಗಳನ್ನು ಬರೆದು ನಡುವಿನ ತೀರ್ಪುಗಾರನಿಗೆ ಕೊಡಬೇಕು. ಶತ್ರುವಿನ ಬಗ್ಗೆ ನಿಜವಾದ ಸೇನಾಪತಿಗೆ ಎಷ್ಟು ತಿಳಿಯುತ್ತಿತ್ತೋ ಅಷ್ಟನ್ನು ಮಾತ್ರ ತೀರ್ಪುಗಾರ ತಿಳಿಸುತ್ತಾನೆ. ಪ್ರಷ್ಯಾದ ಸೈನ್ಯ ಇದನ್ನು ಅಧಿಕಾರಿಗಳ ತರಬೇತಿಗೆ ಬಳಸಿತು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ಮನೆಯ ನೆಲದ ಮೇಲೆ ತವರದ ಸೈನಿಕರೊಂದಿಗೆ ಆಡುವ ಆಟದ ಬಗ್ಗೆ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. 1973ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಎಂಬವರು ಒಬ್ಬನೇ ಆಡುವ ಯುದ್ಧದಾಟಗಳ ಕುರಿತಾಗಿಯೇ ಒಂದು ಪುಸ್ತಕ ಪ್ರಕಟಿಸಿದರು. ಅವರು ಎರಡನೆಯ ಮಹಾಯುದ್ಧದಲ್ಲಿ ನಿಜವಾಗಿ ಹೋರಾಡಿ ಬಂದವರು.

ಆದರೆ ಒಂಟಿಯಾಗಿ ಆಡುವ ಕಲೆಯನ್ನು ನಾವು ಪರದೇಶದಿಂದ ತರಿಸಿಕೊಳ್ಳಬೇಕಾಗಿಲ್ಲ. ತುಳುನಾಡಿನ ಹಳೆಯ ಮನೆಗಳ ಅಟ್ಟ ಹುಡುಕಿದರೆ ಇಂದಿಗೂ ಚೆನ್ನೆಮಣೆ ಸಿಗುತ್ತದೆ. ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಬೀಜಗಳು. ಆಟಿಯಲ್ಲಿ ಹೊರಗೆ ಕೆಲಸವಿಲ್ಲದಾಗ ಆಡುವ ಆಟ. ಅದರ ಹಲವು ಬಗೆಗಳಲ್ಲಿ ಒಬ್ಬರೇ ಆಡುವ 'ಸೀತೆಯಾಟ'ವೂ ಒಂದು. ಅಶೋಕವನದಲ್ಲಿ ಒಂಟಿಯಾಗಿದ್ದ ಸೀತೆ ಹೀಗೆ ಆಡಿ ಕಾಲ ಕಳೆದಳೆಂದು ಹಿರಿಯರು ಹೇಳುತ್ತಿದ್ದರು. ಅದೇ ಚೆನ್ನೆಮಣೆಗೆ ಇನ್ನೊಂದು ಮುಖವೂ ಇದೆ. ಸಿರಿಯ ಪಾಡ್ದನದಲ್ಲಿ ಅವಳಿ ಸಹೋದರಿಯರಾದ ಅಬ್ಬಗ-ದಾರಗರು ಚೆನ್ನೆಯಾಡುತ್ತ ಜಗಳಕ್ಕಿಳಿದು, ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆದು ಕೊಲ್ಲುತ್ತಾಳೆ. ಎದುರಾಳಿಯಿದ್ದಾಗ ಆಟ ಎಲ್ಲಿಗೆ ಮುಟ್ಟಬಹುದು, ಎದುರಾಳಿಯಿಲ್ಲದಾಗ ಅದು ಏನಾಗಬಹುದು, ಎರಡನ್ನೂ ನಮ್ಮ ಹಿರಿಯರು ಒಂದೇ ಮಣೆಯ ಮೇಲೆ ಕಂಡಿದ್ದರು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸುಮಾರು ಐದು ವರ್ಷದ ಬಾಲಕನಾಗಿದ್ದ ಅವರನ್ನು ಇಂಗ್ಲಿಷರು ಪಟ್ಟಕ್ಕೆ ಕೂರಿಸಿದರು. 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. ಆಮೇಲೆ ಸೈನ್ಯವಿಲ್ಲದ ಆ ದೊರೆ ಹೊಸಹೊಸ ಮಣೆಯಾಟಗಳನ್ನು ರಚಿಸಿದರು. ಚದುರಂಗದ ಕುದುರೆಯೊಂದು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ನಡೆಗಳನ್ನು ಹೆಣೆದರು. ಅದೂ ಒಬ್ಬರೇ ಕುಳಿತು ಬಿಡಿಸುವ ಸಮಸ್ಯೆಯೇ.

ಇನ್ನು ನನ್ನ ಆಟದ ಕ್ರಮವನ್ನು ಹೇಳುತ್ತೇನೆ. 1783ರ ಮೇ ತಿಂಗಳಿಂದ 1784ರ ಜನವರಿಯವರೆಗಿನ ಮುತ್ತಿಗೆಯನ್ನು ವಾರಕ್ಕೊಂದರಂತೆ ಮೂವತ್ತಾರು ಸರದಿಗಳಾಗಿ ಮಾಡಿಕೊಂಡಿದ್ದೇನೆ. ಚೆನ್ನೆಮಣೆಯ ಒಂದು ಸಾಲಿನ ಏಳು ಗುಳಿಗಳು ಕೋಟೆಯ ಉಗ್ರಾಣ. ಅವುಗಳಲ್ಲಿ ಅಕ್ಕಿಕಾಳುಗಳಿವೆ, ಪ್ರತಿ ಸರದಿಗೂ ಒಳಗಿರುವ ಬೀಜಗಳ ಲೆಕ್ಕಕ್ಕೆ ಸರಿಯಾಗಿ ಕಾಳುಗಳನ್ನು ತೆಗೆಯಬೇಕು. ಇನ್ನೊಂದು ಸಾಲು ಹೊರಗಿನ ಸೈನ್ಯದ್ದು. ಅವರ ದವಸ ಘಟ್ಟದ ಮೇಲಿಂದ ಬರಬೇಕು. ಮಳೆ ಎಷ್ಟೆಂದು ದಾಳ ಹೇಳುತ್ತದೆ. ಹೊಳೆ ಏರಿದರೆ ಗಾಡಿ ನಿಂತಿತು. ಬೆಳಗ್ಗೆ ಕಿಟಕಿಯ ಬದಿಯ ಕುರ್ಚಿಯಲ್ಲಿ ಕುಳಿತು ಕೋಟೆಯ ಅಧಿಪತಿ ಕರ್ನಲ್ ಕ್ಯಾಂಬೆಲ್ ಆಗಿ ಆ ವಾರದ ಆಜ್ಞೆ ಬರೆದು ಲಕೋಟೆಗೆ ಹಾಕುತ್ತೇನೆ. ಸಂಜೆ ಎದುರಿನ ಕುರ್ಚಿಯಲ್ಲಿ ಕುಳಿತು ಟಿಪ್ಪುವಾಗಿ ಬರೆಯುತ್ತೇನೆ. ರಾತ್ರಿ ಎರಡನ್ನೂ ಒಡೆದು, ದಾಳ ಹಾಕಿ, ಏನಾಯಿತೆಂದು ನೋಟುಪುಸ್ತಕದಲ್ಲಿ ದಾಖಲಿಸುತ್ತೇನೆ. ಬೆಳಗಿನ ಗುಟ್ಟು ಸಂಜೆಗೆ ನೆನಪಿರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಆದ್ದರಿಂದಲೇ ಮುಖ್ಯ ತೀರ್ಮಾನಗಳಿಗೆ ಮೂರು ದಾರಿಗಳನ್ನು ಬರೆದು, ಸಂಭವನೀಯತೆಯ ಪ್ರಕಾರ ದಾಳದ ಅಂಕಗಳನ್ನು ಹಂಚುತ್ತೇನೆ. ಎಚ್ಚರದ ಸೇನಾಪತಿ ಕಾಯುವುದಕ್ಕೆ ಒಂದರಿಂದ ಮೂರು, ಸುರಂಗ ತೋಡುವುದಕ್ಕೆ ನಾಲ್ಕು ಅಥವಾ ಐದು, ನೇರವಾಗಿ ನುಗ್ಗುವುದಕ್ಕೆ ಆರು. ಆಯ್ಕೆ ನನ್ನದಲ್ಲ, ಆಯ್ಕೆಗಳ ತೂಕ ಮಾತ್ರ ನನ್ನದು.

ಹೀಗೆ ಆಡುವಾಗಲೇ ಆ ಹುಡುಗನ ಪ್ರಶ್ನೆಗೆ ಉತ್ತರ ಕಂಡಿತು. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು. ಟಿಪ್ಪು ಆಗ ದೂರದಲ್ಲಿದ್ದ. ಅದೇ ಹೊತ್ತಿಗೆ ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸ್ ಕರಾವಳಿಯಲ್ಲಿಳಿದು, ಕುಂದಾಪುರದ ಮೇಲಿನಿಂದ ಹೊಸಂಗಡಿ ಘಟ್ಟ ಹತ್ತಿ, 1783ರ ಜನವರಿಯಲ್ಲಿ ಬಿದನೂರನ್ನು, ಅಂದರೆ ಇಂದಿನ ನಗರವನ್ನು ವಶಪಡಿಸಿಕೊಂಡ. ಮಾರ್ಚಿನಲ್ಲಿ ಮಂಗಳೂರು ಕೋಟೆಯೂ ಇಂಗ್ಲಿಷರ ಕೈಸೇರಿತು. ಟಿಪ್ಪು ಧಾವಿಸಿ ಬಂದು ಬಿದನೂರನ್ನು ಮರಳಿ ಪಡೆಯುವಾಗ ಏಪ್ರಿಲ್ ತಿಂಗಳ ಕೊನೆ. ನಕ್ಷೆಯ ಮೇಲೆ ಹುಣಸೆ ಬೀಜಗಳನ್ನು ಹಿಡಿದು ನಿಂತರೆ ತಿಳಿಯುತ್ತದೆ: ಈಗ ಇಳಿಯದಿದ್ದರೆ ಮಳೆಗಾಲ ಮುಗಿಯುವವರೆಗೆ ಇಳಿಯುವಂತಿಲ್ಲ. ಅಷ್ಟರಲ್ಲಿ ಸಮುದ್ರ ತಿಳಿಯಾಗಿ ಇಂಗ್ಲಿಷರ ಹಡಗುಗಳು ಬರುತ್ತವೆ. ಮಳೆ ಅವನ ಗಾಡಿಗಳಿಗೆ ಶತ್ರು, ನಿಜ. ಆದರೆ ಅದೇ ಮಳೆ ಕೋಟೆಗೆ ಕಡಲಿನಿಂದ ಸಹಾಯ ಬಾರದಂತೆ ಬಾಗಿಲು ಮುಚ್ಚುವ ಮಿತ್ರ. ಮೀನುಗಾರರ ಮಗನಿಗೆ ಅಂದು ಇದನ್ನು ಹೇಳಿದ್ದರೆ, ಮಳೆಗಾಲದ ಕಡಲಿನ ಬಗ್ಗೆ ಅವನೇ ತರಗತಿಗೆ ಪಾಠ ಮಾಡುತ್ತಿದ್ದ.

ಮುಂದಿನದೂ ಚರಿತ್ರೆಯಲ್ಲಿದೆ. ಜುಲೈಯಲ್ಲಿ ಯುರೋಪಿನಲ್ಲಿ ಶಾಂತಿಯಾದ ಸುದ್ದಿ ತಲುಪಿ, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಮುತ್ತಿಗೆಯಿಂದ ಹಿಂದೆ ಸರಿದರು. ಆಗಸ್ಟಿನಲ್ಲಿ ಕದನವಿರಾಮ. ನವೆಂಬರಿನಲ್ಲಿ ಹಡಗುಗಳಲ್ಲಿ ಬಂದ ಸಹಾಯದ ಸೈನ್ಯ ಯುದ್ಧಕ್ಕಿಳಿಯದೆ ಹಿಂದಿರುಗಿತು. ಕೋಟೆಯೊಳಗೆ ಹಸಿವು, ಹಸಿ ತರಕಾರಿ ಹಣ್ಣುಗಳಿಲ್ಲದೆ ಬರುವ ಸ್ಕರ್ವಿ ಎಂಬ ವಸಡು ಕೊಳೆಯುವ ರೋಗ. 1784ರ ಜನವರಿ ಕೊನೆಗೆ ಕೋಟೆ ಶರಣಾಯಿತು. ಎರಡು ತಿಂಗಳೊಳಗೆ ಕ್ಯಾಂಬೆಲ್ ಮುಂಬಯಿಯಲ್ಲಿ ತೀರಿಕೊಂಡ. ಪಾಠ ಮಾಡುವಾಗ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದ ಸಂಗತಿಯಿದು. ಏಳು ಗುಳಿಗಳಿಂದ ವಾರವಾರವೂ ನನ್ನ ಕೈಯಿಂದಲೇ ಅಕ್ಕಿಕಾಳು ತೆಗೆದಾಗ ಅದರ ಉದ್ದ ತಿಳಿಯಿತು. ಇಪ್ಪತ್ತೆಂಟನೆಯ ಸರದಿಗೆ ಐದನೆಯ ಗುಳಿ ಬರಿದಾಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ ಎಂದರೆ ನೀವು ನಗಬಹುದು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಮೊದಲನೆಯ ಸಲ ಆಡಿ ಮುಗಿಸಿದ ಮೇಲೆ ನೋಟುಪುಸ್ತಕವನ್ನು ಪರೀಕ್ಷೆಯ ಉತ್ತರಪತ್ರಿಕೆಯಂತೆ ತಿದ್ದಿದೆ. ದಾಳ ಮೇಜಿನಿಂದ ಕೆಳಗೆ ಬಿದ್ದಾಗ ಮತ್ತೆ ಹಾಕಬೇಕೋ ಬೇಡವೋ, ಸುರಂಗದ ಮದ್ದು ಮಳೆಗೆ ನೆನೆಯಿತೋ ಇಲ್ಲವೋ ಎಂಬಂಥ ಸಂದೇಹದ ತೀರ್ಪುಗಳು ಹನ್ನೊಂದಿದ್ದವು. ಅವುಗಳಲ್ಲಿ ಒಂಬತ್ತನ್ನು ಟಿಪ್ಪುವಿನ ಪರವಾಗಿ ಕೊಟ್ಟಿದ್ದೆ. ಯಾರೂ ನೋಡುತ್ತಿರಲಿಲ್ಲ, ಗೆದ್ದರೆ ಬಹುಮಾನವೂ ಇರಲಿಲ್ಲ. ಆದರೂ ಪರದೇಶದವನ ವಿರುದ್ಧ ನಮ್ಮ ನೆಲದವನು ಗೆಲ್ಲಲಿ ಎಂದು ಕೈ ತಾನಾಗಿಯೇ ವಾಲಿತ್ತು. ಮೂವತ್ತೆರಡು ವರ್ಷ ನಿಷ್ಪಕ್ಷಪಾತವಾಗಿ ಚರಿತ್ರೆ ಕಲಿಸಿದೆನೆಂದು ನಂಬಿದ್ದ ನನಗೆ ಆ ಪುಟ ಕನ್ನಡಿಯಾಯಿತು.

ಎರಡನೆಯ ಸಲ ಆಡುತ್ತಿದ್ದಾಗ ಒಂದು ಮಧ್ಯಾಹ್ನ ಪಕ್ಕದ ಮನೆಯ ಬಾಯಮ್ಮ ಹಲಸಿನ ಹಪ್ಪಳ ಕೊಡಲು ಬಂದರು. ಮಲ್ಲಿಗೆ ಬೆಳೆದೇ ಮೂರು ಮಕ್ಕಳನ್ನು ಓದಿಸಿದವರು. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು. ಮೇಜನ್ನು ನೋಡಿ, "ಎಂತ ಮಾಷ್ಟ್ರೇ ಇದು?" ಎಂದರು. ವಿವರಿಸಿದೆ. ಕೆಂಪು ಬೀಜ ಯಾರು, ಹುಣಸೆ ಬೀಜ ಯಾರು ಎಂದು ಕೇಳಿ ತಿಳಿದುಕೊಂಡರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲಿ ನಮ್ಮವರು ಎಲ್ಲಿದ್ದಾರೆ?" ಎಂದರು.

ಅವರು ಕೇಳಿದ್ದು 1784ರ ಮಾತು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಸಂಖ್ಯೆಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಹತ್ತಾರು ಸಾವಿರವೆಂದು ಹೇಳಲಾಗುತ್ತದೆ. ಘಟ್ಟ ಹತ್ತುವಾಗ ಸತ್ತವರು, ಸೆರೆಯಲ್ಲಿ ಸತ್ತವರು ಬಹಳ. ಉಳಿದವರು ಹಿಂದಿರುಗಲು 1799ರವರೆಗೆ ಕಾಯಬೇಕಾಯಿತು. ಬಾಯಮ್ಮನ ಕುಟುಂಬದಲ್ಲಿ ಹಿಂದಿರುಗಿ ಬಂದವನೊಬ್ಬನ ಕಥೆ ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತ ಬಂದಿದೆ. ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹಪ್ಪಳದ ಡಬ್ಬ ಮೇಜಿನ ಅಂಚಿನಲ್ಲಿಟ್ಟು, "ಡಬ್ಬ ನಿಧಾನಕ್ಕೆ ಕೊಡಿ" ಎಂದು ಹೋದರು.

ಅಂದಿನಿಂದ ನನ್ನ ತೀರ್ಪುಗಳು ಇನ್ನೊಂದು ಬದಿಗೆ ವಾಲತೊಡಗಿದವು. ನೋಟುಪುಸ್ತಕ ಅದನ್ನೂ ತೋರಿಸಿತು. ಉಳಿದಿದ್ದ ಎಂಟು ಸಂದೇಹಗಳಲ್ಲಿ ಆರು ಕ್ಯಾಂಬೆಲ್‌ನ ಪಾಲಿಗೆ! ಒಂದು ಕಥೆ ಕೇಳಿದಾಗ ಒಂದು ಕಡೆಗೆ, ಇನ್ನೊಂದು ಕೇಳಿದಾಗ ಇನ್ನೊಂದು ಕಡೆಗೆ ವಾಲುವುದು ನ್ಯಾಯವಲ್ಲ. ಅದು ತಕ್ಕಡಿಯ ಲಕ್ಷಣ, ತೂಗುವವನ ಲಕ್ಷಣವಲ್ಲ. ಬಾಯಮ್ಮನ ಪ್ರಶ್ನೆ ಯಾವ ಬದಿ ಸರಿ ಎಂಬುದಾಗಿರಲಿಲ್ಲ. ಬದಿಯೇ ಇಲ್ಲದವರು ಎಲ್ಲಿ ಎಂಬುದಾಗಿತ್ತು.

ಹಾಗಾಗಿ ಮೂರನೆಯ ಸಲ ಬಿಳಿಯ ಕವಡೆಗಳನ್ನು ತಂದು ನಕ್ಷೆಯ ಮೇಲಿಟ್ಟೆ. ಅವು ಜನ. ಇಗರ್ಜಿಯವರು, ಗದ್ದೆಯವರು, ದೋಣಿಯವರು, ಎರಡೂ ಸೈನ್ಯಗಳಿಗೆ ಅಕ್ಕಿ ಕೊಡಬೇಕಾಗಿ ಬಂದವರು. ಅವರಿಗೂ ನಿಯಮ ಬರೆಯಲು ಹೊರಟೆ. ಆಗಲಿಲ್ಲ. ಸೇನಾಪತಿಗೆ ಪ್ರತಿ ಸರದಿಯಲ್ಲೂ ಮೂರು ದಾರಿಗಳಿವೆ. ಕವಡೆಗಳಿಗೆ ಒಂದೂ ಇಲ್ಲ. ಅವರು ಆಜ್ಞೆ ಬರೆಯುವುದಿಲ್ಲ. ಅವರ ಮೇಲೆ ಆಜ್ಞೆ ಬರೆಯಲಾಗುತ್ತದೆ. ಕೊನೆಗೆ ಒಂದೇ ನಿಯಮ ಉಳಿಯಿತು: ಯಾವ ಸೈನ್ಯ ಎಲ್ಲಿಂದ ದವಸ ಎತ್ತಿದರೂ ಅಲ್ಲಿಯ ಒಂದು ಕವಡೆಯನ್ನು ಮಗುಚಿಡಬೇಕು. ಜನವರಿಯ ಹೊತ್ತಿಗೆ ನೇತ್ರಾವತಿಯಿಂದ ಗುರುಪುರ ಹೊಳೆಯವರೆಗೆ ಎಲ್ಲ ಕವಡೆಗಳೂ ಮಗುಚಿದ್ದವು, ಗೆದ್ದವರು ಯಾರೇ ಆಗಿರಲಿ.

ಯುದ್ಧವನ್ನು ಆಟ ಮಾಡುವುದು ಸತ್ತವರಿಗೆ ಅಗೌರವವಲ್ಲವೇ ಎಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ಮಾತಿನಲ್ಲಿ ತೂಕವಿದೆ. ಬೀಜಕ್ಕೆ ಹಸಿವಿಲ್ಲ, ಕವಡೆಗೆ ಕಣ್ಣೀರಿಲ್ಲ. ಇದನ್ನು ಮರೆತು ಆಡಿದರೆ ಖಂಡಿತ ಅಗೌರವ. ಆದರೆ ಇಸವಿಗಳ ಪಟ್ಟಿ ಮಾಡಿ, ಗೆದ್ದವರು ಸೋತವರು ಎಂದು ಎರಡು ಕಾಲಂ ಎಳೆದು, ಅಂಕ ಕೊಟ್ಟು ಕಳುಹಿಸುತ್ತಿದ್ದೆವಲ್ಲ, ಅದರಲ್ಲಿ ಎಷ್ಟು ಗೌರವವಿತ್ತು? ಆಟದ ಯುದ್ಧ ಆಡಿದವನಿಗೆ ನಿಜವಾದ ಯುದ್ಧ ಎಂಥ ಎಡವಟ್ಟಿನ ವ್ಯವಹಾರವೆಂದು ತಿಳಿಯುತ್ತದೆ ಎಂಬರ್ಥದ ಮಾತನ್ನು ವೆಲ್ಸ್ ತಮ್ಮ ಪುಸ್ತಕದ ಕೊನೆಗೆ ಬರೆದಿದ್ದರು. ಮರುವರ್ಷವೇ, 1914ರಲ್ಲಿ, ಮಹಾಯುದ್ಧ ಬಂತು. ಆಟ ಯುದ್ಧವನ್ನು ತಡೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಆಡಿದವನ ಬಾಯಿಯಿಂದ ಜಂಬದ ಮಾತು ಬರುವುದನ್ನಾದರೂ ತಡೆಯುತ್ತದೆ.

ನಮ್ಮ ರಾಜ್ಯದಲ್ಲಿ ಟಿಪ್ಪುವಿನ ಹೆಸರೆತ್ತಿದರೆ ಏನಾಗುತ್ತದೆಂದು ನಿಮಗೆ ಗೊತ್ತು. 2015ರಲ್ಲಿ ಸರಕಾರ ಜಯಂತಿ ಆರಂಭಿಸಿತು. 2019ರಲ್ಲಿ ಇನ್ನೊಂದು ಸರಕಾರ ನಿಲ್ಲಿಸಿತು. ಒಬ್ಬರು ಶೃಂಗೇರಿ ಮಠಕ್ಕೆ ಅವನು ಬರೆದ ಪತ್ರಗಳನ್ನು ತೋರಿಸುತ್ತಾರೆ. ಇನ್ನೊಬ್ಬರು ಶ್ರೀರಂಗಪಟ್ಟಣದ ಸೆರೆಯನ್ನು ತೋರಿಸುತ್ತಾರೆ. ಎರಡೂ ನಿಜ. ಎಲ್ಲರಿಗೂ ಕುಳಿತುಕೊಳ್ಳಲು ಒಂದೇ ಕುರ್ಚಿ ಇರುವುದೇ ತೊಂದರೆ. ಒಂಟಿ ಆಟಗಾರನಿಗೆ ಆ ಸೌಕರ್ಯವಿಲ್ಲ. ಬೆಳಗ್ಗೆ ಹಸಿದ ಕೋಟೆಯನ್ನು ಕಾಯಬೇಕು, ಸಂಜೆ ಅದೇ ಕೋಟೆಯ ಅನ್ನದ ದಾರಿಯನ್ನು ಕಟ್ಟಬೇಕು. ನಡುವೆ ಎದ್ದು ಕುರ್ಚಿ ಬದಲಿಸುವಾಗ ಮೊಣಕಾಲು ನೋಯುತ್ತದೆ. ಆ ನೋವು ಒಳ್ಳೆಯದು.

ಈಗ ಪಾಠ ಮಾಡುತ್ತಿರುವ ಕಿರಿಯ ಸಹೋದ್ಯೋಗಿಗಳಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೆ ಎರಡು ಪೀರಿಯಡ್ ಮೀಸಲಿಡಿ. ಹಣ ಬೇಡ, ಪೆಟ್ಟಿಗೆ ಬೇಡ. ಸೀಮೆಸುಣ್ಣದಲ್ಲಿ ನೆಲದ ಮೇಲೆ ನಕ್ಷೆ ಬರೆಯಿರಿ, ಅಂಗಳದ ಕಲ್ಲು ಹೆಕ್ಕಿಸಿ. ತರಗತಿಯನ್ನು ಎರಡು ಗುಂಪು ಮಾಡಿ ಆಜ್ಞೆ ಬರೆಸಿ. ರೈಸ್‌ವಿಟ್ಸ್‌ನ ತೀರ್ಪುಗಾರನಾಗಿ ನೀವು ನಡುವೆ ನಿಲ್ಲಿ. ಅರ್ಧ ಆಟವಾದ ಮೇಲೆ ಗುಂಪುಗಳನ್ನು ಅದಲುಬದಲು ಮಾಡಿ; ಇದನ್ನು ಮಾತ್ರ ಬಿಡಬೇಡಿ. ಗೆದ್ದವರಿಗೆ ಅಂಕ ಕೊಡಬೇಡಿ. ಕೊನೆಗೆ, ಈ ನಕ್ಷೆಯ ಮೇಲೆ ಯಾರು ಇಲ್ಲ ಎಂಬ ಒಂದೇ ಪ್ರಶ್ನೆಗೆ ಮನೆಯಲ್ಲಿ ಹಿರಿಯರನ್ನು ಕೇಳಿ ಉತ್ತರ ಬರೆದು ತರಲು ಹೇಳಿ. ಆ ಉತ್ತರಗಳು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಮತ್ತು ಆ ಹಿಂದಿನ ಬೆಂಚಿನ ಹುಡುಗನಲ್ಲಿ ಒಂದು ಮಾತು. ಈಗ ನಿನಗೂ ಕೂದಲು ನರೆತಿರಬಹುದಪ್ಪ. ಅಂದು ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪಾಗಿತ್ತು. ಒಂದು ದಿನ ಮನೆಗೆ ಬಾ. ಕಡಲು ಯಾವ ವಾರ ಮುಚ್ಚುತ್ತದೆ, ಯಾವ ವಾರ ತೆರೆಯುತ್ತದೆ ಎಂಬ ನನ್ನ ನಿಯಮಗಳನ್ನು ತಿದ್ದಲು ನಿನ್ನಷ್ಟು ಬಲ್ಲವರು ಯಾರೂ ಇಲ್ಲ. ಮೇಜು ಸದ್ಯ ಖಾಲಿಯಿಲ್ಲ. ಊಟಕ್ಕೆ ನೆಲದ ಮೇಲೆಯೇ ಮಣೆ ಹಾಕೋಣ.